ಸಣ್ಣ ದೇಶಕ್ಕೆ ಎಂಥ ರಾಯಭಾರಿ?

ಹೈದರಾಬಾದಿನ ತಾರ್ನಾಕದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಆಸುಪಾಸಿನ ಬೀದಿಗಳಲ್ಲಿ, ಸುಡಾನ್, ಸೊಮಾಲಿಯಾ ಕಡೆಯ ವಿದ್ಯಾರ್ಥಿಗಳು ಓಡಾಡುವುದು ಊರಿನವರ ಕಣ್ಣಿಗೆ ಹಳೆಯ ನೋಟ. ಅದೇ ಆವರಣದಿಂದ ಆಫ್ರಿಕಾದ ಕಡೆಗೆ ಹೊರಟ ಒಬ್ಬರ ಹೆಸರನ್ನು ಮಾತ್ರ ಈಗ ಅಲ್ಲಿ ನೆನೆಯುವವರು ಕಡಿಮೆ. ನವಾಬ್ ಅಲಿ ಯಾವರ್ ಜಂಗ್ ಎರಡು ಅವಧಿಗೆ ಉಸ್ಮಾನಿಯಾದ ಕುಲಪತಿಯಾಗಿದ್ದರು. ಕಲಬುರಗಿ, ಬೀದರ, ರಾಯಚೂರಿನ ಹುಡುಗರು ಓದಿಗಾಗಿ ಹೈದರಾಬಾದಿನ ರೈಲು ಹತ್ತುತ್ತಿದ್ದ ಕಾಲ ಅದು. 1952ರಲ್ಲಿ ಕುಲಪತಿ ಹುದ್ದೆ ಬಿಟ್ಟ ಅವರು ಅರ್ಜೆಂಟೀನಾಕ್ಕೆ, 1954ರಲ್ಲಿ ಈಜಿಪ್ಟಿಗೆ ಭಾರತದ ರಾಯಭಾರಿಯಾಗಿ ಹೋದರು. ಅವರು ಕೈರೋದಲ್ಲಿದ್ದಾಗಲೇ, 1956ರ ಜುಲೈನಲ್ಲಿ, ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಅಕ್ಟೋಬರ್ ಕೊನೆಗೆ ಇಸ್ರೇಲ್, ಅದರ ಬೆನ್ನಿಗೆ ಬ್ರಿಟನ್ ಮತ್ತು ಫ್ರಾನ್ಸ್ ಈಜಿಪ್ಟಿನ ಮೇಲೆ ಬಿದ್ದವು. ಆ ದಿನಗಳಲ್ಲಿ ನೆಹರೂ ಮತ್ತು ನಾಸರ್ ನಡುವಿನ ಮಾತು ಬಹುಪಾಲು ಹರಿದದ್ದು ಹೈದರಾಬಾದಿನ ಈ ಮನುಷ್ಯನ ಕೈಯಿಂದ. ಬಳಿಕ ಅವರು ಯುಗೊಸ್ಲಾವಿಯಾ, ಫ್ರಾನ್ಸ್, ಅಮೆರಿಕಗಳಲ್ಲಿ ರಾಯಭಾರಿಯಾಗಿದ್ದು, ಕೊನೆಗೆ ಮಹಾರಾಷ್ಟ್ರದ ರಾಜ್ಯಪಾಲರಾದರು. ಕೈರೋಗೆ ಇಂಥವರನ್ನು ಕಳಿಸಬೇಕೆಂದು ದೆಹಲಿಗೆ ಯಾರೂ ಬುದ್ಧಿ ಹೇಳಬೇಕಿರಲಿಲ್ಲ. ಈಜಿಪ್ಟ್ ದೊಡ್ಡದು, ಹಳೆಯದು, ಕಾಲುವೆಯ ಮೇಲೆ ಕೂತಿರುವ ದೇಶ. ಕಾಲುವೆಯೂ ಇಲ್ಲದ, ತೈಲವೂ ಇಲ್ಲದ, ನಿನ್ನೆಯಷ್ಟೇ ತನ್ನ ಬಾವುಟ ಏರಿಸಿದ ಸಣ್ಣ ದೇಶಕ್ಕೆ ಯಾರನ್ನು ಕಳಿಸಿದೆವು, ಕಳಿಸಿದವರನ್ನು ಹೇಗೆ ಕಂಡೆವು, ಎಷ್ಟೋ ಸಲ ಯಾಕೆ ಯಾರನ್ನೂ ಕಳಿಸಲಿಲ್ಲ ಎಂಬುದನ್ನು ನೋಡಿದರೆ ನಮ್ಮ ಆಫ್ರಿಕಾ ಸ್ನೇಹದ ನಿಜವಾದ ತೂಕ ಸಿಗುತ್ತದೆ. ನನ್ನ ಮಟ್ಟಿಗೆ ಆ ತೂಕ ನಾವು ಸಭೆಗಳಲ್ಲಿ ಹೇಳಿಕೊಳ್ಳುವುದಕ್ಕಿಂತ ತೀರ ಕಡಿಮೆ.

ರಾಯಭಾರಿ ಎಂದರೆ ಔತಣಕೂಟಗಳಲ್ಲಿ ನಗುತ್ತ ನಿಲ್ಲುವವರು ಎಂಬ ತಮಾಷೆಯ ಕಲ್ಪನೆ ನಮ್ಮಲ್ಲಿದೆ. ಹೊಸ ದೇಶವೊಂದರ ಕಣ್ಣಿಗೆ ರಾಯಭಾರಿ ಕಾಣುವುದು ಹಾಗಲ್ಲ. ಇನ್ನೊಂದು ದೇಶದ ಮುಖ್ಯಸ್ಥರು ಸಹಿ ಹಾಕಿದ ಅಧಿಕಾರಪತ್ರವನ್ನು ಹಿಡಿದು ಒಬ್ಬರು ತನ್ನ ರಾಜಧಾನಿಗೆ ಬಂದು, ತನ್ನ ಅಧ್ಯಕ್ಷರ ಕೈಗೆ ಅದನ್ನು ಒಪ್ಪಿಸಿ, ಅಲ್ಲೇ ಮನೆ ಮಾಡಿ ಉಳಿದರೆ, ತಾನೂ ಒಂದು ದೇಶ ಎಂದು ಜಗತ್ತು ಒಪ್ಪಿದೆ ಎಂದರ್ಥ. ಹೈದರಾಬಾದಿಗೆ ಇದು ಚೆನ್ನಾಗಿ ಗೊತ್ತಿರಬೇಕು. 1947ರ ನವೆಂಬರ್‌ನ ಯಥಾಸ್ಥಿತಿ ಒಪ್ಪಂದದ ಪ್ರಕಾರ ನಿಜಾಮರ ಸರ್ಕಾರ ಮತ್ತು ಭಾರತ ಸರ್ಕಾರ ಪರಸ್ಪರ ಪ್ರತಿನಿಧಿಗಳನ್ನು ಇಟ್ಟುಕೊಂಡವು. ಭಾರತದ ಕಡೆಯಿಂದ ಬಂದವರು ಕೆ.ಎಂ. ಮುನ್ಶಿ. ಅವರ ಹುದ್ದೆಗೆ ರಾಯಭಾರಿ ಎಂಬ ಹೆಸರಿರಲಿಲ್ಲ, ಏಜೆಂಟ್ ಜನರಲ್ ಎಂದಿತ್ತು. ಹೈದರಾಬಾದ್ ಬೇರೆ ದೇಶ ಎಂಬ ಸೂಚನೆ ಎಲ್ಲಿಯೂ ಸಿಗಬಾರದೆಂಬ ಎಚ್ಚರ ದೆಹಲಿಗೆ ಇತ್ತು. ಒಬ್ಬ ಪ್ರತಿನಿಧಿಯ ದರ್ಜೆಯಲ್ಲಿ ಒಂದು ಸಂಸ್ಥಾನದ ಹಣೆಬರಹ ಅಡಗಿರುತ್ತದೆ ಎಂದು ಅಷ್ಟು ಸೂಕ್ಷ್ಮವಾಗಿ ಅರಿತಿದ್ದ ಸರ್ಕಾರ, ಹತ್ತು ಹದಿನೈದು ವರ್ಷಗಳ ಮೇಲೆ ಆಫ್ರಿಕಾದ ವಿಷಯಕ್ಕೆ ಬಂದಾಗ ಆ ಸೂಕ್ಷ್ಮವನ್ನು ಮರೆತಂತೆ ನಡೆದುಕೊಂಡಿತು.

ಪ್ರತಿನಿಧಿಯನ್ನು ವಾಪಸು ಕರೆಸುವುದರ ಬಲವನ್ನೂ ನಾವು ಮೊದಲು ತೋರಿಸಿದ್ದು ಆಫ್ರಿಕಾದಲ್ಲೇ. ಮಂಗಳೂರು ಮೂಲದ ಬೆನಗಲ್ ಕುಟುಂಬದ ರಾಮರಾವ್ 1938ರಿಂದ 1941ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದವರು ಇವರೇ. ಅವರು ಅಲ್ಲಿಂದ ಬಂದ ಐದು ವರ್ಷಕ್ಕೆ, 1946ರಲ್ಲಿ, ಭಾರತೀಯರ ಆಸ್ತಿ ಹಕ್ಕನ್ನು ಮೊಟಕುಗೊಳಿಸುವ ಕಾಯಿದೆಗೆ ಪ್ರತಿಭಟನೆಯಾಗಿ ಭಾರತ ತನ್ನ ಹೈಕಮಿಷನರನ್ನು ಹಿಂದಕ್ಕೆ ಕರೆಸಿತು, ವ್ಯಾಪಾರ ನಿಲ್ಲಿಸಿತು, ವಿಶ್ವಸಂಸ್ಥೆಯ ಬಾಗಿಲು ತಟ್ಟಿತು. ಪೂರ್ಣ ಸಂಬಂಧ ಮತ್ತೆ ಕುದುರಿದ್ದು 1993ರಲ್ಲಿ. ಒಬ್ಬ ಪ್ರತಿನಿಧಿಯ ಖಾಲಿ ಕುರ್ಚಿಯನ್ನು ನಾವು ಇಷ್ಟು ಕಾಲ ಖಂಡನೆಯ ಗುರುತಾಗಿ ಬಳಸಿದ್ದೇವೆ. ಹಾಗಿದ್ದ ಮೇಲೆ, ಯಾವ ತಪ್ಪನ್ನೂ ಮಾಡದ ಸ್ನೇಹಿತ ದೇಶವೊಂದರ ರಾಜಧಾನಿಯಲ್ಲಿ ನಮ್ಮ ಕುರ್ಚಿ ಐವತ್ತು ಅರವತ್ತು ವರ್ಷ ಖಾಲಿಯೇ ಇದ್ದರೆ ಅಲ್ಲಿಯ ಜನ ಅದನ್ನು ಏನೆಂದು ಓದಬೇಕು?

ಕುರ್ಚಿ ತುಂಬಿದ್ದರೆ ಏನಾಗುತ್ತದೆ ಎಂಬುದಕ್ಕೆ ನೈರೋಬಿಯ ಅಪ್ಪಾ ಪಂತ್ ಸಾಕ್ಷಿ. ಔಂಧ್ ಸಂಸ್ಥಾನದ ರಾಜಕುಮಾರರಾದ ಅವರನ್ನು ನೆಹರೂ 1948ರಲ್ಲಿ ಬ್ರಿಟಿಷ್ ಪೂರ್ವ ಆಫ್ರಿಕಾಕ್ಕೆ ಕಮಿಷನರ್ ಆಗಿ ಕಳಿಸಿದರು. ಆಗ ಕೆನ್ಯಾ ಇನ್ನೂ ವಸಾಹತು, ಹಾಗಾಗಿ ಪಂತ್ ರಾಯಭಾರಿ ಕೂಡ ಅಲ್ಲ. ಅಲ್ಲಿ ನೆಲೆಸಿದ್ದ ಭಾರತೀಯ ವರ್ತಕರಿಗೆ, ನೀವು ಆಫ್ರಿಕನ್ನರ ಜೊತೆ ನಿಲ್ಲಬೇಕು, ಅವರ ಹೆಗಲ ಮೇಲೆ ಅಲ್ಲ ಎಂಬ ನೆಹರೂ ಧೋರಣೆಯನ್ನು ಮುಟ್ಟಿಸುವುದು ಅವರ ಮೊದಲ ಕೆಲಸವಾಗಿತ್ತು. ವರ್ತಕರೆಲ್ಲರಿಗೂ ಇದು ರುಚಿಸಲಿಲ್ಲ. ಪಂತ್ ಆಫ್ರಿಕನ್ ನಾಯಕರ ಸ್ನೇಹ ಗಳಿಸಿದರು, ಆಫ್ರಿಕಾದ ಹುಡುಗರು ಭಾರತದ ವಿಶ್ವವಿದ್ಯಾಲಯಗಳಿಗೆ ಬಂದು ಓದಲು ವಿದ್ಯಾರ್ಥಿವೇತನದ ದಾರಿ ಮಾಡಿಸಿದರು. ತಾರ್ನಾಕದಲ್ಲಿ ಇಂದು ಕಾಣುವ ಆಫ್ರಿಕನ್ ವಿದ್ಯಾರ್ಥಿಗಳ ಹಿಂದಿರುವ ಸಂಪ್ರದಾಯ ಶುರುವಾದದ್ದು ಆ ಕಾಲದಲ್ಲಿ. 1952ರಲ್ಲಿ ಕೆನ್ಯಾದಲ್ಲಿ ತುರ್ತುಸ್ಥಿತಿ ಬಂದು ಜೋಮೊ ಕೆನ್ಯಾಟಾ ಬಂಧನವಾದಾಗ ಅವರ ಪರ ವಾದಿಸಿದ ವಕೀಲರ ತಂಡದಲ್ಲಿ ಭಾರತದ ದಿವಾನ್ ಚಮನ್ ಲಾಲ್ ಇದ್ದರು. ಬ್ರಿಟಿಷರ ಅಸಮಾಧಾನ ಬೆಳೆದು 1954ರಲ್ಲಿ ಪಂತ್ ನೈರೋಬಿ ಬಿಡಬೇಕಾಯಿತು. ದೂತನೊಬ್ಬ ಚೆನ್ನಾಗಿ ಕೆಲಸ ಮಾಡಿದ್ದಾನೆಂದು ಹೇಳಲು ಎದುರಾಳಿಯ ಸಿಟ್ಟಿಗಿಂತ ಒಳ್ಳೆಯ ಪ್ರಮಾಣಪತ್ರ ಇಲ್ಲ. ದೇಶ ಹುಟ್ಟುವ ಮುಂಚೆಯೇ ಅಲ್ಲಿ ಒಬ್ಬ ಸಮರ್ಥನನ್ನು ಕೂರಿಸುವ ದೂರದೃಷ್ಟಿ ನಮಗಿತ್ತು. ಘಾನಾದ ವಿಷಯದಲ್ಲೂ ಹಾಗೇ ಆಯಿತು. ಅದು ಇನ್ನೂ ಗೋಲ್ಡ್ ಕೋಸ್ಟ್ ಆಗಿದ್ದಾಗ, 1953ರಲ್ಲೇ, ಆಕ್ರಾದಲ್ಲಿ ಭಾರತದ ಕಚೇರಿ ತೆರೆದಿತ್ತು.

1960ರ ಒಂದೇ ವರ್ಷದಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಮುಂದಿನ ವರ್ಷಗಳಲ್ಲಿ ಬೋಟ್ಸ್‌ವಾನಾ, ಲೆಸೊಥೊ, ಸ್ವಾಜಿಲ್ಯಾಂಡ್, ಸೇಶೆಲ್ಸ್, ಜಿಬೂಟಿ ಒಂದೊಂದಾಗಿ ಬಂದವು. ಆಗ ಭಾರತ ಹಿಡಿದದ್ದು ಸುಲಭದ ದಾರಿ. ಒಬ್ಬ ರಾಯಭಾರಿಯನ್ನು ಒಂದು ರಾಜಧಾನಿಯಲ್ಲಿಟ್ಟು ಅಕ್ಕಪಕ್ಕದ ಎರಡು ಮೂರು ದೇಶಗಳ ಹೊಣೆಯನ್ನೂ ಅವರ ತಲೆಗೆ ಕಟ್ಟುವುದು. 1961ರ ವಿಯೆನ್ನಾ ಒಪ್ಪಂದ ಇದಕ್ಕೆ ಅವಕಾಶ ಕೊಡುತ್ತದೆ, ಬೇರೆ ದೇಶಗಳೂ ಹೀಗೆ ಮಾಡುತ್ತವೆ. ನಮ್ಮ ತಾಲ್ಲೂಕುಗಳಲ್ಲಿ ಪ್ರಭಾರ ತಹಶೀಲ್ದಾರರ ಆಡಳಿತ ಕಂಡವರಿಗೆ ಇದರ ಫಲ ಏನೆಂದು ವಿವರಿಸಬೇಕಿಲ್ಲ. ಆಕ್ರಾದಲ್ಲಿದ್ದವರು ಟೋಗೊ, ಬುರ್ಕಿನಾ ಫಾಸೊ, ಸಿಯೆರಾ ಲಿಯೋನ್‌ಗಳನ್ನೂ ನೋಡಿಕೊಳ್ಳಬೇಕಿತ್ತು. ರುವಾಂಡಾದ ವ್ಯವಹಾರ ಕಂಪಾಲಾದಿಂದ ನಡೆಯಬೇಕಿತ್ತು. ಅಧಿಕಾರಪತ್ರ ಒಪ್ಪಿಸಲು ಒಮ್ಮೆ, ಮಂತ್ರಿಗಳ ಭೇಟಿಗೆ ಇನ್ನೊಮ್ಮೆ, ಹೀಗೆ ರಾಯಭಾರಿ ಅತಿಥಿಯಾಗಿ ಬಂದು ಹೋಗುತ್ತಿದ್ದರು. ಬುರ್ಕಿನಾ ಫಾಸೊದಲ್ಲಂತೂ ತೊಂಬತ್ತರ ದಶಕದಲ್ಲಿ ಕಚೇರಿ ತೆರೆದು ಕೆಲವೇ ವರ್ಷಗಳಲ್ಲಿ ಮುಚ್ಚಿದೆವು. ನಮಗಿಂತ ಎಷ್ಟೋ ಬಡವಾದ ಆ ದೇಶ ದೆಹಲಿಯಲ್ಲಿ ತನ್ನ ರಾಯಭಾರ ಕಚೇರಿಯನ್ನು ಉಳಿಸಿಕೊಂಡಿತು.

ಕಳಿಸಿದ ಕಡೆಗೂ ಕಳಿಸಿದ್ದು ಯಾವ ಮನಸ್ಸಿನಿಂದ ಎಂಬುದಕ್ಕೆ ಕೊಡಗಿನ ಸಿ.ಬಿ. ಮುತ್ತಮ್ಮ ಅವರ ವೃತ್ತಿಜೀವನಕ್ಕಿಂತ ಸ್ಪಷ್ಟವಾದ ದಾಖಲೆ ಇನ್ನೊಂದಿಲ್ಲ. 1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿ, ಮಡಿಕೇರಿಯಲ್ಲೂ ಮದರಾಸಿನಲ್ಲೂ ಓದಿ, 1948ರಲ್ಲಿ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ ಗೆದ್ದು, ಮರುವರ್ಷ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಬರೆಸಿಕೊಂಡೇ ಅವರನ್ನು ಒಳಗೆ ಬಿಟ್ಟರು. ಪ್ಯಾರಿಸ್, ರಂಗೂನ್, ಲಂಡನ್, ದೆಹಲಿಯ ಮೇಜುಗಳು ಎಲ್ಲ ಆದಮೇಲೆ 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು. ವಿದೇಶಾಂಗ ಸೇವೆಯ ಒಳಗಿನಿಂದ ಬೆಳೆದು ಆ ಹುದ್ದೆಗೇರಿದ ಭಾರತದ ಮೊದಲ ಮಹಿಳೆಯೂ ಅವರೇ. ಆಮೇಲೆ ಅವರು ಹೋದದ್ದು ಘಾನಾಕ್ಕೆ, ಹೈಕಮಿಷನರ್ ಆಗಿ. ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ತುಸು ದೊಡ್ಡದಾದ, 1957ರ ಮಾರ್ಚ್ 6ರಂದು ಸ್ವತಂತ್ರವಾದ ಆ ದೇಶ ಸ್ವಾತಂತ್ರ್ಯ ನಾಯಕ ಎನ್‌ಕ್ರುಮಾ ಅವರ ಕಾಲದ ಹುಮ್ಮಸ್ಸನ್ನು ಕಳೆದುಕೊಂಡು, ಎಪ್ಪತ್ತರ ದಶಕದ ಬಹುಭಾಗ ಸೇನಾಡಳಿತದಲ್ಲಿ, ಬೆಲೆ ಏರಿಕೆಯಲ್ಲಿ ಒದ್ದಾಡುತ್ತಿತ್ತು. ಪ್ರಜಾಪ್ರಭುತ್ವ ಕುಸಿದ ಸ್ನೇಹಿತ ದೇಶದಲ್ಲಿ ಸ್ನೇಹವನ್ನು ಉಳಿಸಿಕೊಳ್ಳುವುದು ರಾಜತಂತ್ರದಲ್ಲಿ ಕಷ್ಟದ ಕೆಲಸಗಳಲ್ಲೊಂದು. ಅಲ್ಲಿಗೆ ಅನುಭವಸ್ಥರನ್ನು ಕಳಿಸಿದ್ದು ಸರಿಯೇ. ಆದರೆ ಅಲ್ಲಿ ಮಾಡಿದ ಕೆಲಸ ದೆಹಲಿಯ ಲೆಕ್ಕದಲ್ಲಿ ಎಷ್ಟು ಬೆಲೆ ಬಾಳಿತು?

ಉತ್ತರ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿದೆ. ವಿದೇಶಾಂಗ ಸೇವೆಯ ಮೇಲಿನ ದರ್ಜೆಗೆ ಬಡ್ತಿ ಕೊಡುವಾಗ ಮುತ್ತಮ್ಮ ಅವರನ್ನು ಅರ್ಹತೆ ಸಾಲದೆಂದು ಬಿಟ್ಟು, ಅವರಿಗಿಂತ ಕಿರಿಯರನ್ನು ಮುಂದೆ ದಾಟಿಸಿದರು. ಹೆಣ್ಣೆಂಬ ಕಾರಣಕ್ಕೇ ಹೀಗಾಗಿದೆ ಎಂದು ಅವರು ನ್ಯಾಯಾಲಯಕ್ಕೆ ಹೋದರು. ಅರ್ಜಿ ವಿಚಾರಣೆಯಲ್ಲಿರುವಾಗಲೇ ಸರ್ಕಾರಕ್ಕೆ ಅವರ ಅರ್ಹತೆ ಕಂಡಿತು. ಕೆಲವು ತಿಂಗಳ ಹಿಂದೆ ಸಾಲದಿದ್ದ ಯೋಗ್ಯತೆ ಈಗ ಸಾಕಾಗಿದೆ, ಬಡ್ತಿ ಕೊಟ್ಟಿದ್ದೇವೆ, ನೆದರ್ಲೆಂಡ್ಸ್‌ನ ಹೇಗ್ ನಗರಕ್ಕೆ ರಾಯಭಾರಿಯಾಗಿ ನೇಮಿಸಿದ್ದೇವೆ ಎಂದು ಸರ್ಕಾರ ಹೇಳಿಕೊಂಡಿತು. 1979ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಈ ವರಸೆಯನ್ನು ಚುಚ್ಚದೆ ಬಿಡಲಿಲ್ಲ. ಬಡ್ತಿ ಸಿಕ್ಕಿದ್ದರಿಂದ ಅರ್ಜಿ ವಜಾ ಆಯಿತು, ಆದರೆ ಜ್ಯೇಷ್ಠತೆಯನ್ನು ಮರುಪರಿಶೀಲಿಸಿ ಎಂದು ಸರ್ಕಾರಕ್ಕೆ ಸೂಚನೆ ಹೋಯಿತು. ಮಹಿಳಾ ಅಧಿಕಾರಿ ಮದುವೆಗೆ ಸರ್ಕಾರದ ಅನುಮತಿ ಬೇಡಬೇಕು, ಗಂಡಸು ಬೇಡಬೇಕಿಲ್ಲ ಎಂಬ ನಿಯಮದ ಅಸಂಬದ್ಧತೆಯನ್ನು ಆ ತೀರ್ಪು ಬಯಲಿಗಿಟ್ಟಿತು. ಸ್ತ್ರೀ ಸಮಾನತೆಯ ಮೈಲಿಗಲ್ಲೆಂದು ಇಂದಿಗೂ ಕಾನೂನು ತರಗತಿಗಳಲ್ಲಿ ಅದನ್ನು ಓದಿಸುತ್ತಾರೆ. ಅದೇ ದಾಖಲೆಯಲ್ಲಿ ಇನ್ನೊಂದು ಪಕ್ಷಪಾತವೂ ಇದೆ, ಅದರ ಕಡೆ ನೋಡಿದವರು ಕಡಿಮೆ. ತಾನು ಈ ಅಧಿಕಾರಿಯನ್ನು ಗೌರವದಿಂದ ಕಂಡಿದ್ದೇನೆ ಎಂದು ತೋರಿಸಲು ಸರ್ಕಾರ ನ್ಯಾಯಾಲಯದ ಮುಂದಿಟ್ಟದ್ದು ಹೇಗ್ ನಗರವನ್ನು. ನೆದರ್ಲೆಂಡ್ಸ್ ಕೂಡ ಸಣ್ಣ ದೇಶವೇ, ನೆಲದ ಅಳತೆಯಲ್ಲಿ ಘಾನಾದ ಐದನೇ ಒಂದು ಭಾಗಕ್ಕೂ ಕಡಿಮೆ. ಯುರೋಪಿನ ಸಣ್ಣ ದೇಶ ಬಹುಮಾನವಾಗಿ ಎಣಿಕೆಗೆ ಬರುತ್ತದೆ, ಆಫ್ರಿಕಾದ ಸಣ್ಣ ದೇಶದಲ್ಲಿ ಕಳೆದ ವರ್ಷಗಳು ಬಡ್ತಿ ಸಮಿತಿಯ ಮುಂದೆ ನಿಲ್ಲುವುದಿಲ್ಲ. ಹೆಣ್ಣು ಕಡಿಮೆ ಎಂಬ ತಕ್ಕಡಿಯೂ ಆಫ್ರಿಕಾ ಕಡಿಮೆ ಎಂಬ ತಕ್ಕಡಿಯೂ ಒಂದೇ ಅಂಗಡಿಯವು. ಮುತ್ತಮ್ಮ ಅವರ ಕಥೆಯನ್ನು ನಾವು ಹೇಳುವಾಗಲೂ ಬುಡಾಪೆಸ್ಟನ್ನು ಹೇಳಿ, ಹೇಗನ್ನು ಹೇಳಿ, ಆಕ್ರಾವನ್ನು ಅಲ್ಪವಿರಾಮದ ನಡುವೆ ದಾಟಿಸಿಬಿಡುತ್ತೇವೆ.

ಇದಕ್ಕೆ ಎದುರು ಮಾತುಗಳಿವೆ, ಅವು ಹುರುಳಿಲ್ಲದವಲ್ಲ. ಮೊದಲನೆಯದು ಜನಬಲದ್ದು. ನಮ್ಮ ವಿದೇಶಾಂಗ ಸೇವೆಯ ಅಧಿಕಾರಿಗಳು ಸಾವಿರದ ಆಸುಪಾಸು, ಆಫ್ರಿಕಾದಲ್ಲಿರುವುದು 54 ದೇಶಗಳು. ಎಲ್ಲ ಕಡೆಗೂ ಜನರನ್ನು ಎಲ್ಲಿಂದ ತರುವುದು, ಖರ್ಚಿಗೆ ತಕ್ಕ ವ್ಯಾಪಾರ ಅಲ್ಲೆಲ್ಲಿದೆ ಎಂಬ ಪ್ರಶ್ನೆ ಹಣಕಾಸು ಸಚಿವಾಲಯದಿಂದ ಪ್ರತಿ ಸಲವೂ ಬರಬಹುದಾದದ್ದು. ಇದಕ್ಕೆ ಲೆಕ್ಕದ ಭಾಷೆಯಲ್ಲೇ ಉತ್ತರ ಕೊಡಬಹುದು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಲೆಸೊಥೊಗೆ ಒಂದು ಮತ, ಅಮೆರಿಕಕ್ಕೂ ಒಂದೇ ಮತ. 1996ರಲ್ಲಿ ಭದ್ರತಾ ಮಂಡಳಿಯ ತಾತ್ಕಾಲಿಕ ಸ್ಥಾನಕ್ಕೆ ನಿಂತ ಭಾರತ ಜಪಾನಿನ ಎದುರು 142-40 ಮತಗಳಿಂದ ಸೋತಿತು. ವಸಾಹತುಶಾಹಿಯ ವಿರುದ್ಧ ನಾವು ಅರ್ಧ ಶತಮಾನ ಮಾಡಿದ ಭಾಷಣಗಳಿಗೆ ಅಂದು ಸಿಕ್ಕ ಬೆಲೆ ಅದು. ಸೋಲಿಗೆ ಕಾರಣಗಳು ಹಲವು, ಜಪಾನಿನ ಹಣವೂ ಅದರಲ್ಲಿ ಸೇರಿತ್ತು ಎನ್ನೋಣ. ಆದರೂ ಪಕ್ಕದ ದೇಶದಿಂದ ವರ್ಷಕ್ಕೊಮ್ಮೆ ಬಂದು ಹೋಗುವ ರಾಯಭಾರಿ ಮತ ಕೇಳಲು ಹೋದಾಗ ಅವರ ಮಾತಿಗೆ ಎಷ್ಟು ತೂಕವಿರುತ್ತದೆ ಎಂಬುದನ್ನು ಪಂಚಾಯಿತಿ ಚುನಾವಣೆ ಕಂಡ ಯಾರಾದರೂ ಹೇಳಬಲ್ಲರು. ಚೀನಾದ ಲೆಕ್ಕ ಬೇರೆ. ಆಫ್ರಿಕಾದಲ್ಲಿ ತೈವಾನನ್ನು ಮಾನ್ಯ ಮಾಡಿರುವ ಏಕೈಕ ದೇಶ ಎಸ್ವಾಟಿನಿ, ಅಂದರೆ ಹಳೆಯ ಸ್ವಾಜಿಲ್ಯಾಂಡ್, ಒಂದನ್ನು ಬಿಟ್ಟು ಉಳಿದ ಕಡೆಗಳಲ್ಲಿ ನೆಲೆಯೂರುವುದಕ್ಕೆ ಚೀನಾ ಸಣ್ಣದು ದೊಡ್ಡದು ಎಂದು ನೋಡಲಿಲ್ಲ.

ಎರಡನೆಯ ಆಕ್ಷೇಪ ಇಂದಿನ ಕಾಲದ್ದು. ಫೋನು, ವಿಡಿಯೋ ಕರೆ, ಇ-ವೀಸಾ ಇರುವಾಗ ಕಟ್ಟಡ, ಕಾರು, ಬಾವುಟ ಏಕೆ? ಇದಕ್ಕೆ 2023ರ ಏಪ್ರಿಲ್ ಉತ್ತರ ಕೊಟ್ಟಿದೆ. ಆ ತಿಂಗಳ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಹಲವರು ಅಲ್ಲಿ ಸಿಕ್ಕಿಬಿದ್ದರು. ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿಬರುವುದು ಆ ಸಮುದಾಯಕ್ಕೆ ರೂಢಿಯಾಗಿತ್ತು. ಕರ್ನಾಟಕದಲ್ಲಿ ಅದು ವಿಧಾನಸಭಾ ಚುನಾವಣೆಯ ಕಾಲ, ವಿಷಯ ರಾಜಕೀಯದ ಜಗಳಕ್ಕೂ ತಿರುಗಿತು. ಖಾರ್ಟೂಮಿನಲ್ಲಿ ನಮ್ಮ ರಾಯಭಾರ ಕಚೇರಿ ಇತ್ತು. ಕರೆ ಮಾಡಿದವರಿಗೆ ಹೊರಗೆ ಬರಬೇಡಿ ಎನ್ನಲು, ಬಸ್ಸು ಹೊಂದಿಸಿ ಪೋರ್ಟ್ ಸುಡಾನಿಗೆ ಸಾಗಿಸಲು, ಎರಡೂ ಬಣಗಳ ಜೊತೆ ಮಾತಾಡಲು ನೆಲದ ಮೇಲೆ ಜನರಿದ್ದರು. ಆಪರೇಷನ್ ಕಾವೇರಿ ಎಂಬ ಹೆಸರಿನ ಆ ಕಾರ್ಯಾಚರಣೆಯಲ್ಲಿ 3,800ಕ್ಕೂ ಹೆಚ್ಚು ಮಂದಿ ವಾಪಸಾದರು. ಸುಡಾನಿನಲ್ಲಿ ನಮ್ಮ ಬೇರು ಹಳೆಯದು. ಸ್ವಾತಂತ್ರ್ಯಕ್ಕೆ ಮುಂಚೆ, 1953ರಲ್ಲಿ, ಅಲ್ಲಿಯ ಮೊದಲ ಚುನಾವಣೆ ನಡೆಸಿಕೊಟ್ಟ ಆಯೋಗದ ಮುಖ್ಯಸ್ಥರು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೆನ್. ಇದೇ ಗಲಭೆ ನಮ್ಮ ಕಚೇರಿಯೇ ಇಲ್ಲದ ದೇಶದಲ್ಲಿ ಎದ್ದಿದ್ದರೆ ಹುಣಸೂರಿನ ಎಣ್ಣೆ ವ್ಯಾಪಾರಿ ಯಾರಿಗೆ ಫೋನು ಮಾಡಬೇಕಿತ್ತು? ಹಕ್ಕಿಪಿಕ್ಕಿಗಳು ವ್ಯಾಪಾರಕ್ಕೆ ಹೋಗುವಾಗ ಅಲ್ಲಿ ರಾಯಭಾರಿ ಇದ್ದಾರೋ ಇಲ್ಲವೋ ಎಂದು ನೋಡಿಕೊಂಡು ಹೋಗುವುದಿಲ್ಲ. ರಾಜತಂತ್ರಕ್ಕಿಂತ ಮುಂದೆ ಜನ ಹೋಗಿಯಾಗಿದೆ.

ಮೂರನೆಯ ಆಕ್ಷೇಪವೇ ನಿಜವಾಗಿ ಗಟ್ಟಿಯಾದದ್ದು. ಕಚೇರಿ ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ ಎನ್ನುವವರು ಆಕ್ರಾವನ್ನೇ ತೋರಿಸಬಹುದು. ಅಲ್ಲಿ 1953ರಿಂದ ನಮ್ಮ ಕಚೇರಿಯಿದೆ. 2016ರಲ್ಲಿ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಘಾನಾ ವಿಶ್ವವಿದ್ಯಾಲಯದ ಆವರಣದಲ್ಲಿ ಗಾಂಧೀಜಿಯ ಪ್ರತಿಮೆ ಅನಾವರಣ ಮಾಡಿದರು. ದಕ್ಷಿಣ ಆಫ್ರಿಕಾದ ಆರಂಭದ ದಿನಗಳಲ್ಲಿ ಗಾಂಧೀಜಿ ಕಪ್ಪು ಜನರ ಬಗ್ಗೆ ಬರೆದಿದ್ದ ಮಾತುಗಳನ್ನು ಎತ್ತಿ ಅಲ್ಲಿಯ ಅಧ್ಯಾಪಕರು, ವಿದ್ಯಾರ್ಥಿಗಳು ಪ್ರತಿಭಟಿಸಿದರು. 2018ರ ಡಿಸೆಂಬರ್‌ನಲ್ಲಿ ಪ್ರತಿಮೆಯನ್ನು ಅಲ್ಲಿಂದ ತೆಗೆಯಲಾಯಿತು. ಅರವತ್ತು ವರ್ಷ ನೆಲೆಯಿದ್ದೂ ವಿಶ್ವವಿದ್ಯಾಲಯದ ಅಂಗಳದ ಮನಸ್ಸು ನಮಗೆ ಮೊದಲೇ ತಿಳಿಯಲಿಲ್ಲ. ಈ ಆಕ್ಷೇಪವನ್ನು ಒಪ್ಪುತ್ತೇನೆ, ಆದರೆ ಅದು ನನ್ನ ವಾದವನ್ನು ಬೀಳಿಸುವುದಿಲ್ಲ, ಅರ್ಧದಷ್ಟು ತಿದ್ದುತ್ತದೆ. ಕುರ್ಚಿ ತುಂಬಿದರೆ ಸಾಲದು, ಅಲ್ಲಿ ಕೂತವರಿಗೆ ಕೇಳುವ ಕಿವಿ ಬೇಕು. ಮುಂದಿನ ಒಳ್ಳೆಯ ಊರು ಯಾವಾಗ ಸಿಗುತ್ತದೋ ಎಂದು ಪೆಟ್ಟಿಗೆ ಬಿಚ್ಚದೆ ಕಾಯುವ ಅಧಿಕಾರಿಯಿಂದ ಆ ಕಿವಿಯನ್ನು ನಿರೀಕ್ಷಿಸಲಾಗದು. ಪಂತ್ ಅವರಿಗೆ ನೈರೋಬಿ ಮುಂದಿನ ಹುದ್ದೆಯ ಮೆಟ್ಟಿಲಾಗಿರಲಿಲ್ಲ. ಆರು ವರ್ಷ ಅವರು ಅಲ್ಲೇ ಇದ್ದರು.

2018ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಆಫ್ರಿಕಾದ 18 ದೇಶಗಳಲ್ಲಿ ಹೊಸ ರಾಯಭಾರ ಕಚೇರಿ ತೆರೆಯಲು ಒಪ್ಪಿಗೆ ಕೊಟ್ಟಿತು. ಅಲ್ಲಿಯವರೆಗೆ 29 ಇದ್ದದ್ದನ್ನು 47ಕ್ಕೆ ಏರಿಸುವ ಯೋಜನೆ ಅದು. ರುವಾಂಡಾ, ಜಿಬೂಟಿ, ಟೋಗೊ, ಸಿಯೆರಾ ಲಿಯೋನ್, ಕೇಪ್ ವರ್ಡೆ, ಸ್ವಾಜಿಲ್ಯಾಂಡ್ ಆ ಪಟ್ಟಿಯಲ್ಲಿದ್ದವು, ಬುರ್ಕಿನಾ ಫಾಸೊ ಕೂಡ. ಅದೇ ವರ್ಷ ರುವಾಂಡಾದ ಕಿಗಾಲಿಯಲ್ಲಿ ಮೊದಲ ಬಾಗಿಲು ತೆರೆಯಿತು. ತಡವಾದರೂ ಇದು ಸರಿಯಾದ ತೀರ್ಮಾನ, ಯಾವ ಪಕ್ಷದ ಸರ್ಕಾರ ಮಾಡಿತೆಂದು ನೋಡದೆ ಹೇಳಬೇಕಾದ ಮಾತಿದು. ಕಟ್ಟಡದ ಪ್ರಶ್ನೆ ಹೀಗೆ ಬಹುಮಟ್ಟಿಗೆ ಬಗೆಹರಿದಿದೆ, ತಕ್ಕಡಿಯ ಪ್ರಶ್ನೆ ಹಾಗೇ ಉಳಿದಿದೆ. ಟೋಗೊದ ಲೋಮೆಯಲ್ಲೋ ಸಿಯೆರಾ ಲಿಯೋನಿನ ಫ್ರೀಟೌನಿನಲ್ಲೋ ಮೂರು ವರ್ಷ ದುಡಿದವರ ಕಡತ ಬಡ್ತಿ ಸಮಿತಿಗೆ ಬಂದಾಗ ಬ್ರಸೆಲ್ಸ್‌ನಲ್ಲಿ ಮೂರು ವರ್ಷ ಕಳೆದವರ ಕಡತಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳುವವರು ಯಾರು? ವಾಷಿಂಗ್ಟನ್, ಲಂಡನ್, ಪ್ಯಾರಿಸ್‌ಗೆ ರಾಯಭಾರಿಯಾಗಿ ಹೋಗುವ ವಿದೇಶಾಂಗ ಸೇವೆಯ ಅಧಿಕಾರಿ ಅದಕ್ಕೆ ಮುಂಚೆ ಆಫ್ರಿಕಾದ ಒಂದು ಸಣ್ಣ ರಾಜಧಾನಿಯಲ್ಲಿ ಪೂರ್ಣಾವಧಿ ಮುಖ್ಯಸ್ಥರಾಗಿ ಕೆಲಸ ಮಾಡಿರಲೇಬೇಕು ಎಂಬ ನಿಯಮ ಬಂದರೆ ಅರ್ಧ ರೋಗ ವಾಸಿಯಾಗುತ್ತದೆ. ಅದಕ್ಕೆ ಸಂವಿಧಾನದ ತಿದ್ದುಪಡಿ ಬೇಡ, ಸೇವಾ ನಿಯಮಗಳಲ್ಲಿ ಒಂದು ಸಾಲು ಸೇರಿದರೆ ಸಾಕು. ವಿದೇಶಾಂಗ ವ್ಯವಹಾರಗಳ ಸಂಸದೀಯ ಸಮಿತಿಯಲ್ಲಿ ಕೂರುವ ನಮ್ಮ ಸಂಸದರು ಮುಂದಿನ ವರದಿಯಲ್ಲಿ ಈ ಸಾಲನ್ನು ಶಿಫಾರಸು ಮಾಡಲಿ.